ಗುರುತುಗಳ ಒಳಗಿತ್ತೇ?

…ಅಷ್ಟೇ ಮಾವ, ಇದೊಂದು ಪ್ರಶ್ನೆ ಬಾಕಿ. ಮಿಕ್ಕಿದ್ದೆಲ್ಲ ನಾನೇ ತುಂಬಿದ್ದೀನಿ. ನನ್ನ ಹೆಸರು, ವ್ಯಾನಿನ ನಂಬರು, ಒಳಗೆ ಎಷ್ಟು ಪೆಟ್ಟಿಗೆ ಹೊಗೆಮೀನಿತ್ತು, ಮನೆ ಬಿಟ್ಟ ಹೊತ್ತು, ಮುಳುಗಿದ ಹೊತ್ತು… ಎಲ್ಲ ಆಯ್ತು. ಇಲ್ಲಿ ನೋಡು, ಹನ್ನೊಂದನೇದು. ಕನ್ನಡಕ ಕೊಡ್ಲಾ? ಬೇಡ್ವಾ. ಸರಿ, ನಾನೇ ಓದ್ತೀನಿ. "ಘಟನೆ ನಡೆದ ಜಾಗವು ಗುರುತುಗಳ ಒಳಗಿತ್ತೇ? ಹೌದು. ಇಲ್ಲ. ಸಮುದ್ರದ ಮೇಲಿನ ಮಂಜುಗಡ್ಡೆ ದಾರಿಯ ಉಸ್ತುವಾರಿಯವರ ಸಹಿ."

ಉಸ್ತುವಾರಿಯವರು ಅಂದ್ರೆ ನೀನು. ಅಂಥ ದೊಡ್ಡ ಹೆಸರಿಂದ ನಿನ್ನನ್ನ ಯಾರೂ ಕರೆದಿಲ್ಲ ಅಂತ ಕಾಣುತ್ತೆ, ಅಲ್ವಾ? ನಗಬಹುದು ಮಾವ, ನಗೋದಕ್ಕೆ ಡಾಕ್ಟರು ಬೇಡ ಅಂದಿಲ್ಲ.

"ಹೌದು" ಅನ್ನೋ ಚೌಕದಲ್ಲಿ ಒಂದು ಗೀಟು. ಕೆಳಗೆ "ಏವಾಲ್ಡ್" ಅಂತ ಒಂದು ಸಹಿ. ಬೆರಳು ಮಡಚೋಕೆ ಆಗಲ್ಲ ಅಂದ್ರೆ ಪೆನ್ನು ನಾನು ಹಿಡ್ಕೋತೀನಿ, ನೀನು ಮೇಲೆ ಕೈ ಇಡು, ಸಾಕು. ಎರಡು ಗಂಟೆ ವಿಮಾನಕ್ಕೆ ವಿಮೆಯವನು ಆಚೆ ದಡದ ಪಾರ್ನುವಿಂದ ಬರ್ತಾನೆ. ಕಾಗದ ಕೈಗೆ ಕೊಟ್ರೆ ಮುಗೀತು. ಫೋನಿನಲ್ಲಿ ಆ ಹುಡುಗಿ ಎಷ್ಟು ಚೆನ್ನಾಗಿ ಹೇಳಿದ್ಲು ಗೊತ್ತಾ, "ಅದೊಂದು ಸಹಿ ಇದ್ರೆ ನಿಮ್ಮ ಕ್ಲೇಮು ಬೆಣ್ಣೇಲಿ ಚಾಕು ಇಳಿದ ಹಾಗೆ ಇಳಿಯುತ್ತೆ" ಅಂತ. ಬೆಣ್ಣೇಲಿ ಚಾಕು. ವಿಮೆಯವರು ಹಾಗೆಲ್ಲ ಮಾತಾಡ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ.

ಯಾಕೆ ಹಾಗೆ ನೋಡ್ತೀಯ?

ಗೊತ್ತು. ನೀರಿಗೆ ಬಿದ್ದು ಬದುಕಿ ಬಂದವನನ್ನ ಮೊದಲು ಹೇಗಿದ್ದೀಯ ಅಂತ ಕೇಳಬೇಕು, ಕಾಗದ ಆಮೇಲೆ ತೆಗೀಬೇಕು. ಕೇಳಿದೆ ಮಾವ, ಬಾಗಿಲಲ್ಲಿ ನಿಂತೇ ಕೇಳಿದೆ. ನೀನು ಉತ್ತರ ಕೊಡ್ಲಿಲ್ಲ. ಕಾಲು ಹೇಗಿದೆ ಅಂದೆ, ಅದಕ್ಕೂ ಇಲ್ಲ. ನನ್ನವಳು, ಮಾರ್ಗಿತ್, ಪರ್ಚ್ ಮೀನಿನ ಸೂಪು ಕಳಿಸಿದ್ದಾಳೆ, ಸಬ್ಬಸಿಗೆ ಜಾಸ್ತಿ ಹಾಕಿದ್ದಾಳೆ ನಿನಗೆ ಇಷ್ಟ ಅಂತ. ಮುಚ್ಚಳ ತೆಗೆದು ಮುಂದೆ ಇಟ್ಟಿದ್ದೀನಿ, ಅದೂ ಆರ್ತಾ ಇದೆ. ಒಂದು ಚಮಚ? … ಬೇಡ. ಸರಿ, ಬಲವಂತ ಇಲ್ಲ.

ಗಂಟಲಿಗೇನೂ ಆಗಿಲ್ಲವಂತೆ. ಡಾಕ್ಟರೇ ಹೇಳಿದ್ದಾರೆ. ಅದೂ ಅಲ್ದೆ, ಬೆಳಗ್ಗೆ ನರ್ಸ್ ವಿರ್ವೆ ಹತ್ರ ಗಂಜೀಲಿ ಉಪ್ಪಿಲ್ಲ ಅಂದೆಯಂತಲ್ಲ. ಅವಳೇ ಅಂಗಡೀಲಿ ಹೇಳ್ತಿದ್ಲು. "ಬೈಯೋಕೆ ಶುರು ಮಾಡಿದಾನೆ, ಇನ್ನು ಮುದುಕ ಸಾಯಲ್ಲ" ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚನೆ ಬಂತು. ವಿರ್ವೆ ಹತ್ರ ಉಪ್ಪಿನ ವಿಷಯ ಮಾತಾಡ್ತಾನೆ, ಸ್ವಂತ ಅಕ್ಕನ ಮಗನ ಹತ್ರ ಒಂದಕ್ಷರ ಇಲ್ಲ. ನಿನ್ನನ್ನ ಮನೆಗೆ ಕಳಿಸೋ ಮುಂಚೆ ಆಸ್ಪತ್ರೆಗೂ ಮೂರು ಸಲ ಬಂದೆ, ಮೂರು ಸಲಾನೂ ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ನಿದ್ದೆ ಅಂದ್ಕೊಂಡೆ. ನಿದ್ದೆ ಮಾಡೋರ ಬೆನ್ನು ಅಷ್ಟು ನೆಟ್ಟಗಿರಲ್ಲ ಮಾವ.

ಇರ್ಲಿ. ನಿನಗೆ ಸುಸ್ತು. ನಾನು ಮಾತಾಡ್ತೀನಿ, ನೀನು ಕೇಳು.

ಕ್ಲೇಮು ಅನ್ನೋದು ಒಂದು ವಿದ್ಯೆ. ಫಿನ್ಲೆಂಡಲ್ಲಿ ಕಟ್ಟಡ ಕೆಲಸಕ್ಕಿದ್ದಾಗ ಪೆಂಟಿ ಅಂತ ಒಬ್ಬ ಮೇಸ್ತ್ರಿ ಇದ್ದ, ಅವನು ಕಲಿಸಿದ್ದು. ಶಾಲೆಯವರು ಕಲಿಸದೆ ಬಿಟ್ಟದ್ದನ್ನೆಲ್ಲ ನನಗೆ ಕಲಿಸಿದವನು ಅವನೇ. ಮೊದಲನೇದು, ಆದ ತಕ್ಷಣ ವಿಮೆಯವರಿಗೆ ಫೋನು. ಮಾರನೇ ದಿನ ಅಂದ್ರೆ ಅನುಮಾನ ಬರುತ್ತೆ. ಎರಡನೇದು, ಫೋಟೋ. ದೂರದಿಂದ ಒಂದು, ಹತ್ರದಿಂದ ಒಂದು, ಸುತ್ತಮುತ್ತ ಏನಿದೆ ಅಂತ ಒಂದು. ಮೂರನೇದು, ಕೇಳಿದ್ದಕ್ಕೆ ಮಾತ್ರ ಉತ್ತರ. ಬಾಯಿ ಹರಿಯಬಿಟ್ಟವನ ದುಡ್ಡು ಬಾಯಲ್ಲೇ ಹೋಗುತ್ತೆ ಅಂತಿದ್ದ ಪೆಂಟಿ. ನಾಲ್ಕನೇದು… ನಾಲ್ಕನೇದೂ ಏನೋ ಇತ್ತು. ಮರೆತೆ.

ನಾನು ಎಲ್ಲ ಹಾಗೇ ಮಾಡಿದೆ. ಗುರುವಾರ ಮಧ್ಯಾಹ್ನ ಮೂರೂ ಕಾಲಿಗೆ ವ್ಯಾನು ಒಳಗೆ ಹೋಯ್ತು. ಮೂರೂವರೆಗೆ ಫೋನು ಮಾಡಿದೆ, ಅಲ್ಲೇ ಗಡ್ಡೆ ಮೇಲೆ ನಿಂತ್ಕೊಂಡು. ನಿನ್ನ ನಿಯಮಾನೂ ಒಂದು ಬಿಡದೆ ಪಾಲಿಸಿದ್ದೆ. ಸೀಟ್ ಬೆಲ್ಟು ಹಾಕಿರ್ಲಿಲ್ಲ, ಬಾಗಿಲು ಸ್ವಲ್ಪ ತೆರೆದೇ ಇತ್ತು, ಮುಂದೆ ಹಿಂದೆ ಬೇರೆ ಗಾಡಿ ಇಲ್ಲ. ಅದಕ್ಕೇ ಬದುಕಿದೆ. ಮೊದಲು ಹಿಂದಿನ ಚಕ್ರ ಇಳೀತು ಮಾವ, ಮೀನಿನ ಪೆಟ್ಟಿಗೆ ಭಾರಕ್ಕೆ. ಸದ್ದೇ ಇಲ್ಲ. ಹಸು ಮಲಗುತ್ತಲ್ಲ, ಮೊದಲು ಹಿಂದೆ ಕೂತು ಆಮೇಲೆ… ಅಲ್ಲ, ಹಸು ಮೊದಲು ಮುಂಗಾಲು ಮಡಚುತ್ತೆ. ನೋಡು, ಅದೂ ತಪ್ಪು ಹೇಳ್ತಿದ್ದೀನಿ. ಅಂತೂ ನಿಧಾನಕ್ಕೆ ಕೂತ್ಕೊಂಡ್ತು. ನಾನು ಹಾರಿ ಹೊಟ್ಟೆ ಮೇಲೆ ತೆವಳ್ಕೊಂಡು ಹೋದೆ. ಮೊಣಕಾಲಿನ ತನಕ ಮಾತ್ರ ಒದ್ದೆ. ತಿರುಗಿ ನೋಡಿದ್ರೆ ವ್ಯಾನಿನ ಮೂತಿ ಆಕಾಶಕ್ಕಿದೆ, ಒಳಗೆ ರೇಡಿಯೋ ಹಾಡ್ತಾನೇ ಇದೆ. ಆಮೇಲೆ ಅದೂ ಇಲ್ಲ.

ಆ ವ್ಯಾನಿಲ್ಲದೆ ನನ್ನ ಹೊಗೆಮನೆ ಇಲ್ಲ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ದ್ವೀಪದವರಿಗೆ ಹೊಗೆಮೀನು ಮಾರೋದು ಅಂದ್ರೆ ಸಮುದ್ರಕ್ಕೆ ಉಪ್ಪು ಮಾರಿದ ಹಾಗೆ, ಮನೆಮನೇಲೂ ಹೊಗೆಗೂಡಿದೆ. ಕೊಳ್ಳೋರೆಲ್ಲ ಆಚೆ ದಡದಲ್ಲಿ. ಮತ್ತೆ ಎರಡು ವಾರ ಸರಕು ಬರ್ಲಿಲ್ಲ ಅಂದ್ರೆ ಬೇರೆಯವರ ಹತ್ರ ತಗೋತೀವಿ ಅಂದಿದ್ದಾರೆ ಅಂಗಡಿಯವರು. ಆಮೇಲೆ ನನಗೆ ಇರೋದು ಒಂದೇ ದಾರಿ, ಪೆಂಟಿ. ಮತ್ತೆ ಫಿನ್ಲೆಂಡು, ಮತ್ತೆ ಹನ್ನೆರಡು ಜನದ ಕೋಣೆ. ಮಾರ್ಗಿತ್ ಹೇಳಿಬಿಟ್ಟಿದ್ದಾಳೆ. "ಈ ಸಲ ಹೋದ್ರೆ ವಾಪಸು ಬರೋ ತೊಂದರೆ ತಗೋಬೇಡ" ಅಂತ. ಕಾಲಲ್ಲಿ ಚಕ್ರ ಇಟ್ಕೊಂಡು ಹುಟ್ಟಿದವನು ನಾನು, ಒಪ್ತೀನಿ. ಹದಿನೈದಕ್ಕೆ ಶಾಲೆ ಬಿಟ್ಟು ಹಡಗು ಹತ್ತಿದಾಗ ಅಮ್ಮ ಬಾಗಿಲು ಹಾಕ್ಕೊಂಡು ಒಳಗಿದ್ಲು. ಬಂದರಿನ ತನಕ ಬಂದವನು ನೀನೊಬ್ಬನೇ. ನಿನ್ನ ಕೈಗವಸು ಬಿಚ್ಚಿ ಕೊಟ್ಟೆ. ಬುದ್ಧಿ ಹೇಳ್ತೀಯ ಅಂದ್ಕೊಂಡಿದ್ದೆ, ನೀನು "ಎಡಗೈದು ಸ್ವಲ್ಪ ಹರಿದಿದೆ" ಅಂದೆ ಅಷ್ಟೇ.

ಫಿನ್ಲೆಂಡಿಂದ ಬಂದು ಆರು ವರ್ಷ ಆಯ್ತು ಮಾವ, ಒಂದೇ ಮಂಚದಲ್ಲಿ ಮಲಗಿ ಒಂದೇ ಕಿಟಕಿ ನೋಡ್ತಾ. ನನ್ನ ಜನ್ಮದಲ್ಲೇ ಇಷ್ಟು ದಿನ ಒಂದು ಕಡೆ ನಿಂತಿರ್ಲಿಲ್ಲ.

ಅದಕ್ಕೇ ಈ ಸಹಿ.

ನಿನಗೇನು ಚಿಂತೆ ಅಂತ ನನಗೆ ಗೊತ್ತು. "ಹೌದು, ಗುರುತುಗಳ ಒಳಗೇ ಒಡೀತು" ಅಂತ ನೀನು ಸಹಿ ಹಾಕಿದ್ರೆ, ಅವತ್ತು ಬೆಳಗ್ಗೆ ನೀನು ಗಡ್ಡೆಯ ದಪ್ಪ ಅಳೆದದ್ದು ತಪ್ಪು ಅಂತಾಗುತ್ತೆ. ಮೂವತ್ತೆರಡು ಸೆಂಟಿಮೀಟರ್ ಅಂತ ನಿನ್ನ ಪುಸ್ತಕದಲ್ಲಿ ಬರೆದಿದ್ದೀಯ, ಮೂವತ್ತೆರಡಕ್ಕೆ ನನ್ನ ವ್ಯಾನು ಮುಳುಗೋ ಹಾಗಿಲ್ಲ. ಜಿಲ್ಲೆಯವರು ಒಂದು ಪತ್ರ ಬರೀಬಹುದು. ಕೆಲಸ ಬೇರೆಯವರಿಗೆ ಕೊಡಬಹುದು. ಕೊಡ್ಲಿ ಬಿಡು. ಎಪ್ಪತ್ತೊಂದಾಯ್ತು. ಎರಡು ಕಾಲ್ಬೆರಳು ಹೋಯ್ತು. ಇನ್ನೂ ಮುಂಜಾನೆ ಎದ್ದು ಸಮುದ್ರದ ಮೇಲೆ ತೂತು ಕೊರ್ಕೊಂಡು ಹೋಗಬೇಕಾ ನೀನು? ಜನ ನಾಲ್ಕು ದಿನ ಮಾತಾಡ್ತಾರೆ. ಈಗಾಗ್ಲೇ ಆಡ್ತಿದ್ದಾರೆ, ಮುಚ್ಚಿಡೋದೇನು. "ಏವಾಲ್ಡಿಗೆ ಕಣ್ಣು ಮಂಜಾಗಿತ್ತು, ಯಾರಿಗೂ ಹೇಳಿರ್ಲಿಲ್ಲ" ಅಂತ. ನಾನು ಬಾಯಿ ಮುಚ್ಚಿ ಅಂದೆ ಅವರಿಗೆ.

… ಅನ್ನಲಿಲ್ಲ. ಅನ್ನಬೇಕು ಅಂದ್ಕೊಂಡೆ. ಬ್ರೆಡ್ಡು ತಗೊಂಡು ಬಂದೆ.

ಅಲ್ಲ, ನೀನಾದ್ರೂ ಯಾಕೆ ಹೋದೆ? ಗುರುವಾರ ಸಂಜೆ ನಾನು ಒದ್ದೆ ಬೂಟಲ್ಲಿ ಇದೇ ಬಾಗಿಲಲ್ಲಿ ನಿಂತು "ಮಾವ, ನಿನ್ನ ದಾರೀಲೇ ಗಡ್ಡೆ ಒಡೀತು" ಅಂದಾಗ ನೀನು ಏನಂದೆ? "ಸಾಧ್ಯ ಇಲ್ಲ" ಅಂದೆ. ಮತ್ತೆ "ಮೂವತ್ತೆರಡಿತ್ತು" ಅಂದೆ. ಒಲೆ ಮುಂದೆ ಕೂತು ಅದನ್ನೇ ಅಂತಿದ್ದೆ, ಮೂವತ್ತೆರಡಿತ್ತು, ಮೂವತ್ತೆರಡಿತ್ತು. ನಾನು ಏನಂದೆ? ಬೆಳಗಾಗ್ಲಿ, ಆಮೇಲೆ ಇಬ್ಬರೂ ಸೇರಿ ನೋಡೋಣ ಅಂದೆ. ಅಂದೆನೋ ಇಲ್ವೋ? ನೀನು ಬೆಳಕಾಗೋ ಮುಂಚೆ, ಆ ಮಂಜಲ್ಲಿ, ಎದುರಿನ ಕೈ ಕಾಣದ ಮಂಜಲ್ಲಿ, ನೂಕುಬಂಡಿ ತಗೊಂಡು ಒಬ್ಬನೇ ಅಳೆಯೋಕೆ ಹೊರಟುಬಿಟ್ಟೆ. ಯಾಕೆ ಮಾವ? ಒಂದು ಗಂಟೆ ಕಾಯೋಕೆ ಏನಾಗಿತ್ತು?

ಮಂಜಿಗೆ ಏನು ಹೆದರಿಕೆ, ಜೂನಿಪರ್ ಇದೆಯಲ್ಲ ಅಂದ್ಕೊಂಡೆ. ಅಲ್ವಾ? ಐವತ್ತು ಹೆಜ್ಜೆಗೊಂದು ಜೂನಿಪರ್ ಕೊಂಬೆ, ದಾರಿ ಗುರುತಿಗೆ ಅಂತ ನೀನೇ ನೆಟ್ಟಿದ್ದು. ಒಂದರಿಂದ ಒಂದಕ್ಕೆ ಹೋದ್ರೆ ಕಣ್ಣು ಮುಚ್ಕೊಂಡೂ ಆಚೆ ದಡ ಸೇರಬಹುದು. ಈ ದ್ವೀಪದಲ್ಲಿ ಎಲ್ಲರೂ ಹಾಗೇ ಹೋಗ್ತಾರೆ. ದೇವರನ್ನ ನಂಬದವರೂ ಜೂನಿಪರ್ ನಂಬ್ತಾರೆ.

ಏನು ನೋಡ್ತಿದ್ದೀಯ?

ಆ ಮೂಲೇಲಿ ಏನಿದೆ… ಓ. ಅದಾ. ನಾನು ನೋಡೇ ಇರ್ಲಿಲ್ಲ. ಬಕೆಟ್ಟಿನಲ್ಲಿ ನಿಲ್ಲಿಸಿದ್ದಾಳಲ್ಲ ವಿರ್ವೆ, ಕ್ರಿಸ್‌ಮಸ್ ಗಿಡದ ಹಾಗೆ. ಹೌದು, ಕೇಳಿದ್ದೆ. ಮೀನು ಹಿಡಿಯೋರು ನಿನ್ನನ್ನ ನೀರಿಂದ ಎಳೆದಾಗ ಕೈಯಲ್ಲಿ ಕೊಂಬೆ ಇತ್ತು, ಬೆರಳು ಬಿಡಿಸೋಕೇ ಆಗ್ಲಿಲ್ಲವಂತೆ. ಕೊಂಬೆ ಸಮೇತ ತಂದರಂತೆ. ಮುಳುಗೋನಿಗೆ ಹುಲ್ಲುಕಡ್ಡಿ ಅಂತಾರೆ, ನಿನಗೆ ಜೂನಿಪರ್. ವಾಸನೆ ಚೆನ್ನಾಗಿದೆ. ನಮ್ಮ ಹೊಗೆಮನೇದೇ ವಾಸನೆ.

ಬಿಸಾಕೋದಲ್ವಾ ಅದನ್ನ? ಒಣಗಿ ಕೋಣೆ ತುಂಬ ಮುಳ್ಳು ಉದುರುತ್ತೆ. ಹೋಗ್ತಾ ನಾನು… ಬೇಡ್ವಾ? ಸರಿ, ಸರಿ. ಮುಟ್ಟಲ್ಲ. ಕೈ ಇಳಿಸು, ಹೊಲಿಗೆ ಬಿಚ್ಚೀತು.

ಹಿಡಿದ ಕೂಡ್ಲೇ ಕಿತ್ತು ಕೈಗೆ ಬಂದುಬಿಡ್ತು ಅಂತೀಯ? ನೀನು ಹಾಗೆ ನೋಡಿದ್ರೆ ಹಾಗೇ ಅಂದ ಹಾಗೆ. ನಿನ್ನ ಕೊಂಬೆ ಯಾವತ್ತೂ ಕೈಗೆ ಬರಲ್ಲ, ಗೊತ್ತು ನನಗೆ. ನೀನು ಗಡ್ಡೆ ಕೊರೆದು, ಕೊಂಬೆ ಇಳಿಸಿ, ನೀರು ಸುರಿದು, ಅದು ಕಲ್ಲಾಗೋ ತನಕ ಹಿಡ್ಕೊಂಡು ನಿಲ್ತೀಯ. ಮುರಿದೀತೇ ಹೊರತು ಕಿತ್ತು ಬರೋದಿಲ್ಲ. ಬಿರುಗಾಳೀಲೂ ಬಂದಿಲ್ಲ. ಇದೊಂದು ಬಂತು. ಇರಬಹುದು ಮಾವ, ಒಂದು ಸಡಿಲ ಇದ್ದಿರಬಹುದು. ಬಿಸಿಲಿಗೆ ಕರಗಿರಬಹುದು. ಒಂಬತ್ತು ಕೊಂಬೆ ಆಚೀಚೆ ಆದ್ರೆ ಜಗತ್ತು ಮುಳುಗುತ್ತಾ…

ಏನು?

ಒಂಬತ್ತು ಅಂದ್ನಾ? ಒಂದು ಅಂದೆ. ಒಂದೋ ಎರಡೋ ಅಂತ… ಲೆಕ್ಕ ಯಾರಿಗೆ ಗೊತ್ತು. ಜನ ಒಂಬತ್ತು ಅಂತಾರೆ. ಯಾವ ಜನ ಅಂದ್ರೆ… ಅಂಗಡೀಲಿ ಯಾರೋ. ಹಾಗೆ ನೋಡಬೇಡ ನೀನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು.

ಸೂಪು ಪೂರ್ತಿ ಆರಿಹೋಯ್ತು. ಬಿಸಿ ಮಾಡ್ಲಾ?

… ಬೇರೆ ಮಾತಾಡೋಣ. ಒಳ್ಳೇ ಸುದ್ದಿ ಹೇಳ್ತೀನಿ, ಬರುವಾಗ ದಡದಲ್ಲಿ ಐವೊ ಸಿಕ್ಕಿದ್ದ. ಹಿಮ ತಳ್ಳೋ ಗಾಡಿಗೆ ಎಣ್ಣೆ ಹಾಕ್ತಿದ್ದ. ನೀನು ಏಳೋ ತನಕ ದಾರಿ ಅವನ ಕೈಗೆ ಕೊಟ್ಟಿದ್ದಾರೆ. ವಾರದಿಂದ ಚಳಿ ಹಿಡಿದಿದೆಯಲ್ಲ, ದಡದ ಹತ್ರ ಮೂವತ್ತಾರು ಬಂತಂತೆ ಗಡ್ಡೆ. ತಡೆ ತೆಗೆದು ಇವತ್ತು ಹನ್ನೆರಡಕ್ಕೆ ದಾರಿ ಬಿಡ್ತಾನಂತೆ. ಎಲ್ಲ ಕಾದು ಕೂತಿದ್ದಾರೆ, ಹಿಟ್ಟು ಖಾಲಿ, ಪೆಟ್ರೋಲು ಖಾಲಿ. ಎಂಟು ಗಾಡಿ ಈಗಲೇ ಸಾಲಾಗಿ ನಿಂತಿವೆ. ನನಗೂ ಒಳ್ಳೇದೇ, ವಿಮೆಯವನು ಬಂದಾಗ ದಾರಿ ತೆರೆದಿರುತ್ತೆ, ಗಾಡಿ ಓಡಾಡ್ತಿರುತ್ತೆ, ಜಾಗ ನೋಡಿ ನಾಲ್ಕು ಫೋಟೋ ತಗೊಂಡು…

ಏನಾಯ್ತು? ಏನು ಬೇಕು? ನೀರಾ? ವಿರ್ವೆನ ಕರೀಲಾ? ಮಾವ, ಹೊದಿಕೆ ಯಾಕೆ ತೆಗೀತೀಯ, ಕಾಲು ಇಳಿಸೋ ಹಾಗಿಲ್ಲ ನೀನು. ಬ್ಯಾಂಡೇಜು… ನಿಲ್ಲು. ನಿಲ್ಲಬೇಡ, ಕೂತ್ಕೋ ಅಂದೆ. ಕೇಳ್ತಿದ್ದೀಯಾ?

ಗಡ್ಡೆ ಗಟ್ಟಿಯಾಗಿದೆ ಅಂದ್ನಲ್ಲ. ಮೂವತ್ತಾರು. ನೀನಿದ್ದಿದ್ರೆ ಮೂವತ್ತಕ್ಕೇ ಬಿಡ್ತಿದ್ದೆ. ಐವೊ ದಡ್ಡನಲ್ಲ. ನೀನು ಬಿದ್ದ ತೂತು ಬಿಟ್ಟು ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿದು ಹಿಮ ತಳ್ತೀನಿ ಅಂದ. ಮಿಕ್ಕ ಕಡೆ ಜೂನಿಪರ್ ಹಿಡ್ಕೊಂಡೇ ಹೋಗ್ತಾನೆ. ಜಿಲ್ಲೆಯವರ ನಕ್ಷೆ ನೋಡ್ದೆ, ಅದರಲ್ಲಿ ದಾರಿ ಹೆಬ್ಬೆಟ್ಟು ದಪ್ಪ ಬಿದ್ದಿದೆ, ಆಚೆ ಈಚೆ ಯಾವನಿಗೆ ಗೊತ್ತಾಗುತ್ತೆ…

ಯಾವ ಪಕ್ಕಕ್ಕೆ ಅಂತ ಕೇಳ್ತಿದ್ದೀಯಾ?

ಬಂಡೆ ಕಡೆಗೆ.

ಗೊತ್ತು ಮಾವ. ಮುದುಕಿ ಗಂಟಲು. ಗೊತ್ತು ನನಗೆ. ಬಂಡೆ ಕೆಳಗೆ ನೀರು ಎಳೆಯೋ ಜಾಗ, ಎಂಥ ಚಳೀಲೂ ಅಲ್ಲಿ ಗಡ್ಡೆ ಕಟ್ಟೋದು ರೊಟ್ಟಿ ದಪ್ಪ. ನನಗೆ ಏಳು ವರ್ಷ ಇದ್ದಾಗ ನೀನೇ ಕರ್ಕೊಂಡು ಹೋಗಿ ಕಿವಿ ಇಟ್ಟು ಕೇಳಿಸಿದ್ದೆ, ಮುದುಕಿ ನುಂಗೋ ಸದ್ದು. ಅದಕ್ಕೇ ನಿನ್ನ ದಾರಿ ಅಲ್ಲಿ ಬಡಗಣಕ್ಕೆ ಬಾಗುತ್ತೆ. ಪ್ರತಿ ವರ್ಷ ಬಾಗುತ್ತೆ. ಪ್ರತಿ ವರ್ಷ ನಾವೆಲ್ಲ ಬೈತೀವಿ, ಮುದುಕ ಸುಮ್ಮನೆ ಸುತ್ತಿಸ್ತಾನೆ ಅಂತ.

ನಾಲ್ಕು ನಿಮಿಷ. ಬಾಗು ಬಿಟ್ಟು ನೇರ ಹೋದ್ರೆ ನಾಲ್ಕೇ ನಿಮಿಷ ಉಳಿಯೋದು. ಅಂಗಡಿಯವರ ಲಾರಿ ಆಚೆ ದಡದಲ್ಲಿ ಮೂರೂವರೆಗೆ ಹೊರಡುತ್ತೆ ಅಂದಿದ್ರು, ನಾನು ತಡ ಮಾಡಿದ್ದೆ. ಗಡ್ಡೆ ಬೆಳ್ಳಗೆ ಗಟ್ಟಿ ಕಾಣ್ತಿತ್ತು. ತಿರುಗಿಸಿಬಿಟ್ಟೆ.

ಕೇಳು. ಮಾವ, ಕೇಳು ಇಲ್ಲಿ. ಮೊದಲು ನನಗೆ ಆ ಯೋಚನೆ ಇರ್ಲಿಲ್ಲ. ಆಣೆ. ವ್ಯಾನು ಮುಳುಗಿದ ಮೇಲೆ ಪೆಂಟಿ ಹೇಳಿದ ಹಾಗೆ ಫೋಟೋ ತೆಗೆದೆ. ಸುತ್ತಮುತ್ತ ಏನಿದೆ ಅಂತ ಒಂದು. ನೋಡಿದ್ರೆ ಫೋಟೋದಲ್ಲಿ ಜೂನಿಪರ್ ಎಲ್ಲೋ ದೂರ, ನೊಣ ಕೂತ ಹಾಗೆ. ನೂರಿಪ್ಪತ್ತು ಹೆಜ್ಜೆ ದೂರ. ಗುರುತಿನ ಆಚೆ ಹೋದವನಿಗೆ ವಿಮೆ ಸಿಗಲ್ಲ, ಇದನ್ನ ಕಳಿಸಿದ್ರೆ ಮುಗೀತು ಅಂದ್ಕೊಂಡೆ. ಹತ್ರದ ಒಂದನ್ನ ತಂದು ಇಟ್ರೆ ಸಾಕು, ಬರೀ ಫೋಟೋಕ್ಕೆ. ಗಾಡೀಲಿದ್ದ ಕೊಡಲಿ ನಾನು ಹಾರುವಾಗ ಜೊತೆಗೇ ಬಂದಿತ್ತು, ನೀನೇ ಹೇಳ್ತಿದ್ದೆಯಲ್ಲ, ಸೀಟಿನ ಪಕ್ಕ ಕೊಡಲಿ ಇರ್ಲಿ ಅಂತ. ಬುಡಕ್ಕೆ ಕಡಿದೆ. ತಂದು ಹಿಮದ ಗುಪ್ಪೇಲಿ ಚುಚ್ಚಿದೆ. ಒಂದೇ ಒಂದು ನಿಂತ್ರೆ ಹುಚ್ಚನ ಹಾಗೆ ಕಾಣ್ತು. ಎರಡನೇದು ತಂದೆ. ಸಾಲು ಮುರಿದು ಕಾಣ್ತು. ಮೂರನೇದು… ಹಾಗೆ ಒಂಬತ್ತಾಯ್ತು. ಒಂಬತ್ತಕ್ಕೆ ಸಾಲು ಸರಿಯಾಗಿ ಕಾಣ್ತು ಮಾವ. ನಿನ್ನ ಸಾಲಿನ ಹಾಗೇ. ಇನ್ನೂ ಬೆಳಕಿತ್ತು. ಫೋಟೋ ಚೆನ್ನಾಗಿ ಬಂತು.

ಬೆಳಗ್ಗೆ ಹೋಗಿ ವಾಪಸು ಹಾಕೋನಿದ್ದೆ. ಮಾರ್ಗಿತ್ ವೋಡ್ಕಾ ಕುಡಿಸಿ ಮೂರು ಹೊದಿಕೆ ಹೊದಿಸಿದ್ಲು, ಏಳೋ ಹೊತ್ತಿಗೆ ಒಂಬತ್ತು. ಎದ್ದರೆ ಅಂಗಳದಲ್ಲಿ ಜನ. "ಏವಾಲ್ಡನ್ನ ನೀರಿಂದ ತೆಗೆದರು" ಅಂತ.

ಪೆಂಟಿ ಹೇಳಿದ ನಾಲ್ಕನೇದು ನನಗೆ ಚೆನ್ನಾಗಿ ನೆನಪಿದೆ. ಆದ ಜಾಗದಲ್ಲಿ ಏನನ್ನೂ ಮುಟ್ಟಬೇಡ ಅಂತ.

ಈಗಾದ್ರೂ ಒಂದು ಮಾತು ಆಡು. ಬೈ. ನಿನ್ನ ಕೈಗವಸು ಹಾಕ್ಕೊಂಡು ಹೋದ ನಾಯಿ ಅನ್ನು. ಆ ನೀರಲ್ಲಿ ನೀನು ಕೊಂಬೆ ಹಿಡಿದಾಗ ಅದು ಕೈಗೆ ಬಂತಲ್ಲ, ಆಗಲೇ ತಿಳೀತು ಅಲ್ವಾ ನಿನಗೆ? ಬುಡ ನೋಡೋದೂ ಬೇಕಿರ್ಲಿಲ್ಲ. ಯಾರದ್ದೋ ಕೈ ಅಂತ ತಿಳೀತು. ಯಾರದ್ದು ಅಂತಾನೂ. ಅಷ್ಟು ತಿಳಿದೂ ಹತ್ತು ದಿನದಿಂದ ಪೊಲೀಸರಿಗೆ ಹೇಳಿಲ್ಲ, ವಿರ್ವೆಗೆ ಹೇಳಿಲ್ಲ. ಅಂಗಡೀಲಿ ಜನ ತಪ್ಪನ್ನ ನಿನ್ನ ಕಣ್ಣಿನ ಮೇಲೆ ಹಾಕಿದ್ರೂ ಹೇಳಿಲ್ಲ. ಗೋಡೆ ನೋಡ್ಕೊಂಡು ಮಲಗಿದ್ದೆ. ದಾರಿ ಮುಚ್ಚಿದೆ, ಯಾರೂ ಹೋಗಲ್ಲ, ಹೊತ್ತಿದೆ, ಹುಡುಗ ತಾನಾಗೇ ಬಂದು ಹೇಳ್ಲಿ ಅಂತ… ಅದಕ್ಕಾ ಮಾವ?

ನಾನು ಕಾಗದ ತಗೊಂಡು ಬಂದೆ.

ಮಾವ, ಏನು ಮಾಡ್ತಿದ್ದೀಯ ಮಂಚದ ಕೆಳಗೆ? ನಾನು ಇಲ್ಲಿ ತಪ್ಪು ಒಪ್ಕೋತಿದ್ದೀನಿ, ನೀನು ಬೂಟು ಹುಡುಕ್ತಿದ್ದೀಯ. ನನ್ನ ಮುಖ ಆದ್ರೂ ನೋಡು.

… ಹಾಂ.

ಎಂಟು ಗಾಡಿ. ನಿನಗೆ ಅದೊಂದೇ ಕೇಳಿಸಿದ್ದು. ನಾನು ಎಂಟು ಗಾಡಿ ನಿಂತಿವೆ ಅಂದಮೇಲೆ ಆಡಿದ್ದು ಒಂದೂ ನಿನ್ನ ಕಿವಿಗೆ ಬಿದ್ದಿಲ್ಲ.

ಬಿಡು ಬೂಟನ್ನ. ಬಿಡು ಮಾವ, ನಿನ್ನ ಕಾಲು ಅದರಲ್ಲಿ ಹೋಗೋದಿಲ್ಲ, ರಕ್ತ ಬರ್ತಿದೆ ನೋಡು. ನೀನು ಈ ಬೂಟು ಬಿಟ್ರೆ ನಾನು ಹೋಗ್ತೀನಿ. ನಾನೇ ಹೋಗ್ತೀನಿ. ಐವೊಗೆ ಫೋನು ಮಾಡಿದ್ರೆ ಎತ್ತಲ್ಲ, ಗಾಡಿ ಸದ್ದಲ್ಲಿ ಅವನಿಗೆ ಕೇಳಿಸಲ್ಲ. ಓಡಬೇಕು. ಹನ್ನೊಂದೂ ಹತ್ತಾಗಿದೆ, ದಡಕ್ಕೆ ಕಾಲು ಗಂಟೆ. ಮೊದಲು ಅವನನ್ನ ನಿಲ್ಲಿಸ್ತೀನಿ. ಗಾಡಿ ಸಾಲಿನ ಮುಂದೆ ನಿಂತು ಹೇಳಬೇಕಾಗುತ್ತೆ. ಎಲ್ಲರ ಮುಂದೆ. ನಾನು ವಾಪಸು ಬರೋ ಮುಂಚೆ ಮಾರ್ಗಿತ್‌ಗೆ ತಲುಪಿರುತ್ತೆ.

ಆಮೇಲೆ ಒಂಬತ್ತೂ ಅವುಗಳ ಜಾಗಕ್ಕೆ. ಎಲ್ಲಿ ಅಂತ ಗೊತ್ತು, ನಾನು ಕಡಿದ ಬುಡ ಗಡ್ಡೇಲಿ ಹಾಗೇ ನಿಂತಿವೆ, ಹಿಮ ಕೆದಕಿದ್ರೆ ಸಿಗುತ್ತೆ. ವಿಮೆಯವನು ಬಂದ್ರೆ ಗಡ್ಡೆ ಮೇಲಿದ್ದಾನೆ ಅನ್ನು. ಏನೂ ಅನ್ನದೆ ಇದ್ರೂ ಸರಿ, ವಿರ್ವೆ ದಾರಿ ತೋರಿಸ್ತಾಳೆ. ಕಾಗದ… ಅದರ ವಿಷಯ ನನಗೆ ಈಗ ಗೊತ್ತಿಲ್ಲ ಮಾವ. ನನ್ನನ್ನ ಕೇಳಬೇಡ.

ಕೊರೆಯೋ ಸಾಮಾನು ಎಲ್ಲಿದೆ? ನಿನ್ನದು ನೀರಿಗೆ ಹೋಯ್ತು, ಹಳೇದೊಂದು ಇತ್ತಲ್ಲ… ಬಾಗಿಲ ಹಿಂದೆನಾ? ಆಯ್ತು, ಸಿಕ್ತು. ಹಿಡಿ ಸಡಿಲ ಇದೆ, ಪರವಾಗಿಲ್ಲ. ಬಕೆಟ್ಟಿಂದ ಇದನ್ನೂ ತಗೊಂಡು ಹೋಗ್ತೀನಿ, ಇಲ್ದೆ ಇದ್ರೆ ಎಂಟೇ ಆಗುತ್ತೆ.

ಒಂದು ಹೇಳು. ನೀನು ಕೊರೆಯೋದನ್ನ ಚಿಕ್ಕಂದಿಂದ ನೋಡ್ತಾ ಬಂದಿದ್ದೀನಿ, ಪಕ್ಕದಲ್ಲಿ ನಿಂತು ಬರೀ ಮಾತಾಡ್ತಿದ್ದೆ. ಎಷ್ಟು ಆಳ ಅಂತ ಯಾವತ್ತೂ ಕೇಳ್ಲಿಲ್ಲ. ಎಷ್ಟು ಆಳ ಕೊರೀಬೇಕು ಮಾವ, ಕಿತ್ತು ಬರದೆ ಇರೋಕೆ?

ಬಾಯಿ ಬಿಡೋದು ಬೇಡ. ಕೈಲಿ ತೋರಿಸು.

ಇಷ್ಟಾ? ಬ್ಯಾಂಡೇಜು ಸೇರಿಸಿನಾ, ಬಿಟ್ಟಾ?

… ಸರಿ. ಇಷ್ಟು.